ಕೆಲಸ ಬಿಟ್ಟು ಪೋಕರ್ ಆಡಿಯೇ ಬದುಕಬಹುದಾ? ಆಡಿದವರು, ಜೊತೆಗಿದ್ದವರು ಹೇಳಿ

ಕೇಳಿದ್ದು:

ನನಗೆ 27 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ತಿಂಗಳಿಗೆ ಕೈಗೆ 85 ಸಾವಿರ ಬರುತ್ತದೆ. ಮೂರು ವರ್ಷದಿಂದ ಪೋಕರ್ ಆಡುತ್ತಿದ್ದೇನೆ. ಮೊದಲು ಆನ್‌ಲೈನ್ ಆಡುತ್ತಿದ್ದೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿನ ಆನ್‌ಲೈನ್ ಆಟ ನಿಂತ ಮೇಲೆ ಗೋವಾಕ್ಕೆ ಹೋಗಿ ಆಡುತ್ತೇನೆ. ಶುಕ್ರವಾರ ರಾತ್ರಿ ಬಸ್ಸು, ಸೋಮವಾರ ಬೆಳಿಗ್ಗೆ ವಾಪಸ್. ಆರು ಸಲ ಹೋಗಿದ್ದೇನೆ, ಒಟ್ಟು 2 ಲಕ್ಷ 40 ಸಾವಿರ ಗೆದ್ದಿದ್ದೇನೆ. ಉಳಿತಾಯ 9 ಲಕ್ಷ ಇದೆ. ಕೆಲಸ ಬಿಟ್ಟು, ಪಣಜಿಯಲ್ಲಿ ರೂಮ್ ಮಾಡಿ, ಒಂದು ವರ್ಷ ಇದನ್ನೇ ಮಾಡೋಣ ಅಂದುಕೊಂಡಿದ್ದೇನೆ. ಮನೆಯಲ್ಲಿ ಗೊತ್ತಿಲ್ಲ. ಇದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಅಣ್ಣಂದಿರು, ಅಕ್ಕಂದಿರು ಇದ್ದರೆ ಸುಖ ಕಷ್ಟ ಎರಡನ್ನೂ ಹೇಳಿ. ಬುದ್ಧಿವಾದ ಬೇಡ ಅನ್ನುವುದಿಲ್ಲ, ಆದರೆ ಅನುಭವ ಜಾಸ್ತಿ ಇರಲಿ.

ದಾವಣಗೆರೆಯವನು, ಈಗ ಬೆಂಗಳೂರು:

ತಮ್ಮ ಅಂತಲೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. 2017ರಲ್ಲಿ ನಾನೂ ನಿನ್ನ ವಯಸ್ಸಿನವನು, ನಿನ್ನ ಹಾಗೇ ಲೆಕ್ಕ ಹಾಕಿದ್ದೆ. ಆ ವರ್ಷ ಲಾಸ್ ವೇಗಸ್‌ನಲ್ಲಿ ಆದಿತ್ಯ ಸುಶಾಂತ್, ನಿಪುನ್ ಜಾವಾ ಜೋಡಿ ಪೋಕರ್‌ನ ದೊಡ್ಡ ಪಂದ್ಯಾವಳಿ ವರ್ಲ್ಡ್ ಸೀರೀಸ್‌ನಲ್ಲಿ ಒಂದು ಟೂರ್ನಿ ಗೆದ್ದು ಬ್ರೇಸ್‌ಲೆಟ್ ಪಡೆದರು. ನಮ್ಮವರೂ ಗೆಲ್ಲುತ್ತಾರೆ ಅಂತ ಆಯಿತು. ಮುಂದಿನ ತಿಂಗಳೇ ರಾಜೀನಾಮೆ ಕೊಟ್ಟೆ. 2023ರವರೆಗೆ ಆರು ವರ್ಷ ಪೋಕರ್ ಬಿಟ್ಟರೆ ಬೇರೆ ಸಂಪಾದನೆ ಇರಲಿಲ್ಲ.

ಮೊದಲು ಸುಖದ ಮಾತು. ಸುಖ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ನಾವು ನಾಲ್ಕು ಜನ ಗೆಳೆಯರು ವಾರಕ್ಕೊಮ್ಮೆ ಜಯನಗರದ ಒಂದು ದರ್ಶಿನಿಯಲ್ಲಿ ಸೇರುತ್ತಿದ್ದೆವು. ಕಾಫಿ ಮುಂದಿಟ್ಟುಕೊಂಡು ಒಂದೇ ಹ್ಯಾಂಡ್, ಅಂದರೆ ಎಲೆ ಹಂಚಿ ಆಡಿದ ಒಂದು ಸುತ್ತಿನ ಮೇಲೆ ಒಂದು ಗಂಟೆ ವಾದ. ಮೇಜಿನ ಮೇಲೆ ಮೊದಲ ಮೂರು ಎಲೆ ಬಿಚ್ಚುವ ಫ್ಲಾಪ್‌ನಲ್ಲಿ ಯಾಕೆ ದುಡ್ಡು ಹಾಕದೆ ಚೆಕ್ ಮಾಡಿದೆ, ಕೊನೆಯ ಎಲೆ ಬರುವ ರಿವರ್‌ನಲ್ಲಿ ಅವನು ಅಷ್ಟು ದೊಡ್ಡ ಬೆಟ್ ಹಾಕಿದಾಗ ಅವನ ಕೈಯಲ್ಲಿ ಏನೇನು ಇರಬಹುದು, ಹೀಗೆ. ಆಮೇಲೆ ಮನೆಗೆ ಹೋಗಿ ಸರಿಯಾದ ಆಟ ಯಾವುದು ಅಂತ ಲೆಕ್ಕ ಹಾಕುವ ಸಾಲ್ವರ್ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡುವುದು. ಇಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ನಾನು ಅಷ್ಟು ಓದಿರಲಿಲ್ಲ. ಯಾರೂ ಹೇಳದೆ, ನನಗಾಗಿ ಕಲಿತ ಮೊದಲ ವಿದ್ಯೆ ಅದು.

2019ರಲ್ಲಿ ಗೋವಾದ ಒಂದು ಟೂರ್ನಿಯಲ್ಲಿ ಎರಡನೇ ಸ್ಥಾನ ಬಂತು. 11 ಲಕ್ಷ ಬಹುಮಾನ. ಟ್ಯಾಕ್ಸ್ ಹಿಡಿದು ಕೊಟ್ಟಿದ್ದು 7 ಲಕ್ಷ 70 ಸಾವಿರ. ಕ್ಯಾಸಿನೊ ಹಡಗಿನಿಂದ ಇಳಿದು ಬಂದಾಗ ಬೆಳಗಿನ ಐದು ಗಂಟೆ. ಮಾಂಡೋವಿ ದಂಡೆಯಲ್ಲಿ ನಿಂತು ಅಪ್ಪನಿಗೆ ಫೋನ್ ಮಾಡಿದೆ. ಎರಡು ವರ್ಷದಿಂದ ಅವರು ನನ್ನ ಕೆಲಸದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಎಲ್ಲ ಕೇಳಿಸಿಕೊಂಡು, 'ಊಟ ಮಾಡಿದೆಯಾ? ಮೊದಲು ಮಲಗು' ಅಂದರು. ಆ ಮಾತು ನನಗೆ ಆ ದುಡ್ಡಿಗಿಂತ ದೊಡ್ಡದು.

ಈಗ ನಿನ್ನ ಲೆಕ್ಕಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ನಿಧಾನವಾಗಿ ಓದು.

ಮೇಜಿನ ಮುಂದೆ ಕೂತು ಆಡುವಾಗ ಗಂಟೆಗೆ 25ರಿಂದ 30 ಹ್ಯಾಂಡ್ ಸಿಗುತ್ತವೆ. ನೀನು ಆರು ಸಲ ಹೋಗಿ, ಪ್ರತಿ ಸಲ ಎರಡು ದಿನ, ದಿನಕ್ಕೆ ಎಂಟು ಗಂಟೆ ಆಡಿದ್ದೀಯ ಅಂದುಕೊಂಡರೂ ಒಟ್ಟು 3 ಸಾವಿರ ಹ್ಯಾಂಡ್ ದಾಟುವುದಿಲ್ಲ. ಒಳ್ಳೆಯ ಆಟಗಾರ 100 ಹ್ಯಾಂಡ್‌ಗೆ ನಾಲ್ಕೈದು ಬಿಗ್ ಬ್ಲೈಂಡ್ (ಎಲೆ ಹಂಚುವ ಮೊದಲೇ ಹಾಕುವ ಕಡ್ಡಾಯ ಪಣದಲ್ಲಿ ದೊಡ್ಡದು) ಗೆದ್ದರೆ ಬಹಳ. ಆದರೆ ಅದೇ 100 ಹ್ಯಾಂಡ್‌ನಲ್ಲಿ ಮೇಲೆ ಕೆಳಗೆ ಆಗುವುದು 90, 100 ಬಿಗ್ ಬ್ಲೈಂಡ್. ಗಳಿಕೆ ಐದು, ತೂಗಾಟ ನೂರು. 1 ಲಕ್ಷ ಹ್ಯಾಂಡ್ ಆಡಿದ ಮೇಲೂ ನಿನ್ನ ಲೆಕ್ಕ ಪ್ರತಿ 100 ಹ್ಯಾಂಡ್‌ಗೆ ಮೂರು ಬಿಗ್ ಬ್ಲೈಂಡ್‌ನಷ್ಟು ಆಚೆ ಈಚೆ ಆಗುವುದು ತೀರಾ ಮಾಮೂಲು. ಅಂದರೆ ನಿಜವಾಗಿ ಗೆಲ್ಲುವ ಆಟಗಾರನೂ 1 ಲಕ್ಷ ಹ್ಯಾಂಡ್ ಆದ ಮೇಲೆ ಬರಿಗೈಯಲ್ಲಿ ನಿಂತಿರಬಹುದು. ಗೋವಾದಲ್ಲಿ ದಿನವೂ ಎಂಟು ಗಂಟೆ ಕೂತರೂ ಆ 1 ಲಕ್ಷ ಮುಗಿಯಲು 400 ದಿನಕ್ಕಿಂತ ಜಾಸ್ತಿ ಬೇಕು.

ನಿನ್ನ 2 ಲಕ್ಷ 40 ಸಾವಿರ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನೀನು ಚೆನ್ನಾಗಿಯೇ ಆಡುತ್ತಿರಬಹುದು. ಆದರೆ ಆ ದುಡ್ಡು ನಿನಗೆ ಅದನ್ನು ಹೇಳುವುದಿಲ್ಲ. ಸಂಬಳದ ಕೆಲಸದಲ್ಲಿ ತಿಂಗಳಿಗೊಮ್ಮೆ ಉತ್ತರ ಬರುತ್ತದೆ. ಇಲ್ಲಿ ಉತ್ತರ ಬರಲು ಒಂದು ವರ್ಷ, ಎರಡು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಮನೆ ಬಾಡಿಗೆ ಕಾಯುವುದಿಲ್ಲ.

ನನ್ನ ಮೊದಲ ವರ್ಷ ಬಹಳ ಚೆನ್ನಾಗಿ ಹೋಯಿತು. ಎಲ್ಲ ನನ್ನ ಜಾಣತನ ಅಂದುಕೊಂಡೆ. ಸಾಲದ ಮೇಲೆ ಕಾರು ತೆಗೆದುಕೊಂಡೆ. ಎರಡನೇ ವರ್ಷ ಆನ್‌ಲೈನ್‌ನಲ್ಲಿ 10 ಸಾವಿರ ಬೈ-ಇನ್ (ಮೇಜಿಗೆ ಕೂರುವಾಗ ತರುವ ದುಡ್ಡು) ಮೇಜುಗಳಲ್ಲಿ 38 ಬೈ-ಇನ್ ಇಳಿಯಿತು. ಐದು ತಿಂಗಳು. ಆಟ ಕೆಟ್ಟಿತ್ತಾ, ಎಲೆ ಕೆಟ್ಟಿತ್ತಾ, ಗೊತ್ತೇ ಆಗುತ್ತಿರಲಿಲ್ಲ. ಸೋಲಿಗಿಂತ ಆ ಗೊತ್ತಾಗದಿರುವುದೇ ನನ್ನನ್ನು ಹಣ್ಣು ಮಾಡಿತು. ಸರಿಯಾಗಿ ಆಡಿದ ಹ್ಯಾಂಡ್ ಮೇಲೂ ಅನುಮಾನ ಬರುತ್ತದೆ. ಅನುಮಾನದಿಂದ ಆಟ ನಿಜವಾಗಿ ಕೆಡುತ್ತದೆ.

ಒಂದು ರಾತ್ರಿಯದು ಹೇಳುತ್ತೇನೆ. ನನ್ನ ಕೈಯಲ್ಲಿ ಎರಡು ಎಕ್ಕ. ಎದುರಿಗಿದ್ದವನ ಕೈಯಲ್ಲಿ ಎರಡು ರಾಜ. ಇಬ್ಬರೂ ಆಲ್-ಇನ್, ಮುಂದಿದ್ದದ್ದೆಲ್ಲ ಹಾಕಿದೆವು. ಹೀಗೆ ನೂರು ಸಲ ಆದರೆ 82 ಸಲ ಎಕ್ಕವೇ ಗೆಲ್ಲುತ್ತದೆ. ಫ್ಲಾಪ್‌ನಲ್ಲಿ ರಾಜ ಬರಲಿಲ್ಲ. ನಾಲ್ಕನೇ ಎಲೆ ಟರ್ನ್‌ನಲ್ಲೂ ಬರಲಿಲ್ಲ. ಉಳಿದ 44 ಎಲೆಯಲ್ಲಿ ಅವನಿಗೆ ಬೇಕಾದದ್ದು ಎರಡೇ. ರಿವರ್‌ನಲ್ಲಿ ರಾಜ ಬಂತು. ನನ್ನ ಕಡೆಯಿಂದ ಹೋದದ್ದು 22 ಸಾವಿರ. ಅದು ಆಟ, ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಆದರೆ ನಾನು ಏಳಲಿಲ್ಲ. ಇನ್ನೂ ದೊಡ್ಡ ಮೇಜಿಗೆ ಹೋದೆ. ಬೆಳಿಗ್ಗೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿದಾಗ ಇನ್ನೂ 1 ಲಕ್ಷ 60 ಸಾವಿರ ಹೋಗಿತ್ತು. ಟಿಲ್ಟ್ ಅನ್ನುವುದು ಇದನ್ನೇ. ಆ 22 ಸಾವಿರಕ್ಕೆ ನಾನು ಎಂದೂ ಅತ್ತಿಲ್ಲ. ಆ 1 ಲಕ್ಷ 60 ಸಾವಿರಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮರ್ಯಾದೆಯ ವಿಷಯ ಬೇರೆ. ನಮ್ಮ ಕಡೆ ಯುಗಾದಿ ದಿನ ಇಸ್ಪೀಟು ಆಡಿದರೆ ಹಬ್ಬ. ಮಾರನೇ ವಾರ ಆಡಿದರೆ ಜೂಜುಕೋರ. ಕರ್ನಾಟಕ ಹೈಕೋರ್ಟ್ 2013ರಲ್ಲೇ, ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಕ್ಲಬ್‌ಗಳು ಲೈಸೆನ್ಸ್ ತೆಗೆದುಕೊಳ್ಳಬೇಕಿಲ್ಲ ಅಂತ ಹೇಳಿತ್ತು. ಆ ಆದೇಶದ ಪ್ರತಿಯನ್ನು ಅಪ್ಪನಿಗೆ ಓದಿ ಹೇಳಿದ್ದೆ. 'ಸರಿ, ಇದನ್ನು ಬೀಗರಿಗೆ ಯಾರು ಓದಿ ಹೇಳುತ್ತಾರೆ?' ಅಂದರು. ಬಾಡಿಗೆ ಮನೆ ಸಿಗುವುದು ಕಷ್ಟ. ಗೃಹಸಾಲಕ್ಕೆ ಹೋದರೆ ಸಂಬಳದ ಚೀಟಿ ಎಲ್ಲಿ ಅನ್ನುತ್ತಾರೆ.

ಕಾನೂನಿನ ಭಯವೂ ಸಣ್ಣದಲ್ಲ. 2021ರ ಅಕ್ಟೋಬರ್ 5ರಂದು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸುವ ರಾಜ್ಯದ ತಿದ್ದುಪಡಿ ಜಾರಿಗೆ ಬಂದಾಗ ಹಲವು ಆ್ಯಪ್‌ಗಳು ಕರ್ನಾಟಕದವರಿಗೆ ಬಾಗಿಲು ಹಾಕಿದವು. ಅಂಗಡಿ ರಾತ್ರೋರಾತ್ರಿ ಮುಚ್ಚಿದ ಹಾಗೆ. ಇಬ್ಬರು ಗೆಳೆಯರ ಜೊತೆ ಗೋವಾದಲ್ಲಿ ನಾಲ್ಕು ತಿಂಗಳು ರೂಮ್ ಮಾಡಿಕೊಂಡಿದ್ದೆ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು, ವಾಪಸ್ ಬಂದೆ. 2023ರ ಅಕ್ಟೋಬರ್‌ನಿಂದ ಆ್ಯಪ್‌ಗೆ ಹಾಕುವ ಪೂರ್ತಿ ದುಡ್ಡಿನ ಮೇಲೆ ಶೇ 28 ಜಿಎಸ್‌ಟಿ ಬಂತು. ಆಗ ನಿಲ್ಲಿಸಿದೆ. 2025ರ ಕಾನೂನಿಗೆ ನಾನು ಸಿಕ್ಕಿಕೊಳ್ಳಲಿಲ್ಲ, ಆದರೆ ಆ ದರ್ಶಿನಿ ಗೆಳೆಯರಲ್ಲಿ ಇಬ್ಬರ ಅನ್ನ ಒಂದೇ ವಾರದಲ್ಲಿ ಹೋಯಿತು. ಹತ್ತು ವರ್ಷ ಕಲಿತ ವಿದ್ಯೆ ಕೈಯಲ್ಲಿದೆ, ಆಡಲು ಮೇಜು ಇಲ್ಲ.

ವಾಪಸ್ ಕೆಲಸಕ್ಕೆ ಸೇರುವಾಗ ಆರು ವರ್ಷ ಏನು ಮಾಡಿದೆ ಅಂತ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಲಸ ಸಿಕ್ಕಿತು. ನನ್ನ ಜೊತೆ ಓದಿದವರಿಗಿಂತ ಅರ್ಧ ಸಂಬಳ.

ಮೈಸೂರಿನ ಗೃಹಿಣಿ, ಗಂಡ ಐದು ವರ್ಷ ಆಡಿದವರು:

ಮೇಲಿನವರು ಆಡುವವರ ಕಷ್ಟ ಹೇಳಿದರು. ನಾನು ಪಕ್ಕದ ಕೋಣೆಯ ಕಷ್ಟ ಹೇಳುತ್ತೇನೆ.

ಹಾಲಿನವರು ಬರುವ ಹೊತ್ತಿಗೆ ನಮ್ಮವರು ಮಲಗಲು ಹೋಗುತ್ತಿದ್ದರು. ಮಗುವಿಗೆ ಆಗ ಎರಡು ವರ್ಷ. ಹಗಲು ಹೊತ್ತು ಕುಕ್ಕರ್ ಕೂಗಿಸಲೂ ನನಗೆ ಹಿಂಜರಿಕೆ, ಅವರಿಗೆ ಎಚ್ಚರ ಆಗುತ್ತದೆ ಅಂತ. ಭಾನುವಾರ ದೊಡ್ಡ ಟೂರ್ನಿಗಳು, ಹಾಗಾಗಿ ಮದುವೆ, ಮುಂಜಿ, ನಾಮಕರಣ ಎಲ್ಲದಕ್ಕೂ ನಾನು ಮತ್ತು ಮಗು ಇಬ್ಬರೇ. 'ಅವರು ಬರಲಿಲ್ವಾ?' ಅಂತ ಕೇಳದ ನೆಂಟರಿಲ್ಲ.

ನಾವು ಉಳಿದದ್ದು ಒಂದು ಕಾರಣಕ್ಕೆ. ಶುರುವಿನಲ್ಲೇ ನಾನು ಒಂದು ಷರತ್ತು ಹಾಕಿದ್ದೆ. ಒಂದು ವರ್ಷದ ಮನೆ ಖರ್ಚು, ಆಗ 4 ಲಕ್ಷ 20 ಸಾವಿರ, ನನ್ನ ಹೆಸರಿನಲ್ಲಿ ಎಫ್‌ಡಿ. ಅದು ಆಟದ ದುಡ್ಡಲ್ಲ. ಆಟದ ಬ್ಯಾಂಕ್‌ರೋಲ್ ಬೇರೆ ಖಾತೆ. 2022ರಲ್ಲಿ ಅವರಿಗೆ ಬಹಳ ಕೆಟ್ಟ ಕಾಲ ಬಂತು. ಒಂದು ಮಧ್ಯಾಹ್ನ ಅಡುಗೆಮನೆ ಬಾಗಿಲಲ್ಲಿ ನಿಂತು, 'ಎಫ್‌ಡಿ ಮುರಿಸೋಣ, ಎರಡು ತಿಂಗಳಲ್ಲಿ ಹಾಕಿಬಿಡುತ್ತೇನೆ' ಅಂದರು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಕೈ ನಿಲ್ಲಿಸದೆ ಆಗಲ್ಲ ಅಂದೆ. ಕೈ ನಿಲ್ಲಿಸಿದ್ದರೆ ಒಪ್ಪಿಬಿಡುತ್ತಿದ್ದೆನೇನೋ. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಅವರೇ ಸಣ್ಣ ಮೇಜಿಗೆ ಇಳಿದು ಆಡಲು ಶುರು ಮಾಡಿದರು. ಆ ಎಫ್‌ಡಿ ಇವತ್ತಿಗೂ ಇದೆ.

ನಿಮಗೆ ಇನ್ನೂ ಮದುವೆಯಾಗಿಲ್ಲ. ಆದರೂ ನಿಮಗೆ 'ಆಗಲ್ಲ' ಅನ್ನಬಲ್ಲ ಒಬ್ಬರು ಬೇಕು. ಅಮ್ಮನಿಗೆ ಹೇಳದೆ ಹೋಗಬೇಡಿ.

ಲೆಕ್ಕಪತ್ರ ನೋಡುವವನು, ಬೆಂಗಳೂರು:

ಟ್ಯಾಕ್ಸ್ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಹುಡುಗರು ಇದನ್ನು ಕೊನೆಗೆ ಕೇಳುತ್ತಾರೆ.

ಇಸ್ಪೀಟಿನ ಆಟದಲ್ಲಿ ಗೆದ್ದದ್ದಕ್ಕೆ ನೇರ ಶೇ 30, ಮೇಲೆ ಸೆಸ್ ಸೇರಿ ಶೇ 31.2. ನಿಮ್ಮ ಆದಾಯ ಎಷ್ಟೇ ಕಡಿಮೆ ಇರಲಿ, ಈ ಹಣಕ್ಕೆ ಸ್ಲ್ಯಾಬ್ ವಿನಾಯಿತಿ ಇಲ್ಲ. ಖರ್ಚು ಕಳೆಯುವ ಹಾಗಿಲ್ಲ. ಒಂದು ಉದಾಹರಣೆ ನೋಡಿ. ವರ್ಷದಲ್ಲಿ ಹನ್ನೊಂದು ಟೂರ್ನಿ ಆಡಿದಿರಿ. ಒಂದರಲ್ಲಿ 3 ಲಕ್ಷ ಬಂತು. ಹನ್ನೊಂದಕ್ಕೂ ಸೇರಿ ಪ್ರವೇಶಕ್ಕೆ ಕಟ್ಟಿದ 2 ಲಕ್ಷ 50 ಸಾವಿರ ಹೋಯಿತು. ನಿಮ್ಮ ಲೆಕ್ಕದಲ್ಲಿ 50 ಸಾವಿರ ಲಾಭ. ಸರ್ಕಾರದ ಲೆಕ್ಕದಲ್ಲಿ 3 ಲಕ್ಷ ಗೆಲುವು, ತೆರಿಗೆ 93,600. ಅಂದರೆ ಗೆದ್ದೂ 43,600 ಕೈಬಿಟ್ಟಿತು. ಆನ್‌ಲೈನ್ ಇದ್ದಾಗ 2023ರ ಏಪ್ರಿಲ್‌ನಿಂದ ಒಂದೇ ಆ್ಯಪ್‌ನ ಒಂದು ವರ್ಷದ ಸೋಲು ಗೆಲುವು ಕೂಡಿ ಕಳೆದು ನಿವ್ವಳಕ್ಕೆ ಟಿಡಿಎಸ್ ಹಿಡಿಯುತ್ತಿದ್ದರು. ಟೂರ್ನಿ ಮೇಜಿನಲ್ಲಿ ಆ ಅನುಕೂಲ ಇಲ್ಲ.

ಇನ್ನೊಂದು. 2025ರ ಕಾನೂನಿನಲ್ಲಿ ಶಿಕ್ಷೆ ಇರುವುದು ದುಡ್ಡಿನ ಆನ್‌ಲೈನ್ ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ಅದರ ಹಣ ಸಾಗಿಸುವ ಬ್ಯಾಂಕಿನಂಥವರಿಗೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಸುಮ್ನೆ ಆಡಿದವರಿಗೆ ಶಿಕ್ಷೆ ಇಲ್ಲ. ಅಷ್ಟಕ್ಕೇ ಧೈರ್ಯ ಮಾಡಿ ಹೊರದೇಶದ ಆ್ಯಪ್‌ಗೆ ದುಡ್ಡು ಹಾಕಬೇಡಿ. ಅವರು ಕೊಡದಿದ್ದರೆ ಕೇಳಲು ಬಾಗಿಲೇ ಇರುವುದಿಲ್ಲ.

ಶಿವಮೊಗ್ಗದವನು, ಅಮೆರಿಕದ ಫೀನಿಕ್ಸ್‌ನಿಂದ:

ಲಾಸ್ ವೇಗಸ್ ನಮ್ಮ ಮನೆಯಿಂದ ಕಾರಿನಲ್ಲಿ ಐದು ಗಂಟೆ. ಕೆಲಸ ಇಟ್ಟುಕೊಂಡೇ ಬೇಸಿಗೆಯಲ್ಲಿ ಹೋಗಿ ಆಡುತ್ತೇನೆ. 2023ರಲ್ಲಿ ವರ್ಲ್ಡ್ ಸೀರೀಸ್‌ನ ಮುಖ್ಯ ಟೂರ್ನಿ, ಮೇನ್ ಇವೆಂಟ್ ಆಡಿದೆ. ಪ್ರವೇಶ 10 ಸಾವಿರ ಡಾಲರ್. ಅಷ್ಟು ಒಬ್ಬನೇ ಹಾಕಲು ಆಗದೆ ಅರ್ಧ ಪಾಲನ್ನು ಐದು ಜನ ಗೆಳೆಯರಿಗೆ ಮಾರಿದ್ದೆ.

ಆ ವರ್ಷ 10,043 ಜನ. ಗೆದ್ದ ಡೇನಿಯಲ್ ವೈನ್‌ಮನ್‌ಗೆ 1 ಕೋಟಿ 21 ಲಕ್ಷ ಡಾಲರ್. ದುಡ್ಡು ಸಿಕ್ಕಿದ್ದು 1,507 ಜನಕ್ಕೆ. ಉಳಿದ ಎಂಟೂವರೆ ಸಾವಿರ ಜನ ಬರಿಗೈ. ನಾನೂ ಅವರಲ್ಲೊಬ್ಬ, ಎರಡನೇ ದಿನ ಔಟ್. ಆದರೂ ಆ ಸಭಾಂಗಣ ಮರೆಯಲು ಆಗುವುದಿಲ್ಲ. ಸಾವಿರಾರು ಜನ ಒಟ್ಟಿಗೆ ಕೈಯಲ್ಲಿ ಚಿಪ್ಸ್ ಆಡಿಸುವ ಸದ್ದು, ಹೆಂಚಿನ ಮನೆಯ ಮೇಲೆ ಆಷಾಢದ ಮಳೆ ಬಿದ್ದ ಹಾಗೆ. ಒಂದು ಸಲ ಮನಸ್ಸಾರೆ ಅನುಭವಿಸಬೇಕಾದದ್ದು.

ಅಲ್ಲಿ ವೃತ್ತಿಯವರನ್ನು ಹತ್ತಿರದಿಂದ ನೋಡಿದ್ದೇನೆ. ಟಿವಿಯಲ್ಲಿ ಕಾಣುವವರಲ್ಲಿ ಎಷ್ಟೋ ಜನ ಸ್ವಂತ ದುಡ್ಡಿನಲ್ಲಿ ಆಡುವುದಿಲ್ಲ. ಹಿಂದೆ ಹಣ ಹಾಕುವವರು ಇರುತ್ತಾರೆ. ಸೋತದ್ದೆಲ್ಲ ಮೇಕಪ್ ಅಂತ ಆಟಗಾರನ ತಲೆ ಮೇಲೆ ಏರುತ್ತಾ ಹೋಗುತ್ತದೆ. ಮುಂದೆ ಗೆದ್ದಾಗ ಮೊದಲು ಅದು ತೀರಬೇಕು, ಆಮೇಲೆ ಪಾಲು. ನನ್ನ ಪಕ್ಕ ಕೂತಿದ್ದ ಒಬ್ಬರು ಆ ತಿಂಗಳು 60 ಸಾವಿರ ಡಾಲರ್ ಗೆದ್ದಿದ್ದರು. ಕೈಗೆ ಒಂದು ಡಾಲರೂ ಬರಲಿಲ್ಲ, ಮೇಕಪ್ ಅದಕ್ಕಿಂತ ಜಾಸ್ತಿ ಇತ್ತು.

ಸ್ಟೂ ಉಂಗರ್ ಅಂತ ಒಬ್ಬ ಇದ್ದ. 1980, 1981, 1997, ಮೂರು ಸಲ ಮೇನ್ ಇವೆಂಟ್ ಗೆದ್ದವನು. ಕೊನೆಯ ಗೆಲುವಿಗೇ 10 ಲಕ್ಷ ಡಾಲರ್. ಮಾರನೇ ವರ್ಷ ನವೆಂಬರ್‌ನಲ್ಲಿ ಲಾಸ್ ವೇಗಸ್‌ನ ಒಂದು ಅಗ್ಗದ ಮೋಟೆಲ್ ಕೋಣೆಯಲ್ಲಿ ಸತ್ತ. ವಯಸ್ಸು 45. ಮಾದಕ ಚಟ, ಕುದುರೆ ಜೂಜು ಎಲ್ಲ ಇತ್ತು. ಅವನಿಗಿಂತ ಚೆನ್ನಾಗಿ ಇಸ್ಪೀಟು ಆಡಿದವರಿಲ್ಲ ಅಂತ ಹಳಬರು ಇವತ್ತಿಗೂ ಹೇಳುತ್ತಾರೆ.

ಇಲ್ಲಿಗೆ ಬಂದು ಆಡುವ ಯೋಚನೆ ಇದ್ದರೆ ಒಂದು ತಿಳಿದಿರಲಿ. ಭಾರತದಿಂದ ಬಂದು ಟೂರ್ನಿ ಗೆದ್ದವರ ದೊಡ್ಡ ಬಹುಮಾನದಲ್ಲಿ ಶೇ 30 ಇಲ್ಲೇ ಹಿಡಿಯುತ್ತಾರೆ. ನಮ್ಮಂಥ ಇಲ್ಲಿನವರಿಗೆ ಸೋಲನ್ನು ಗೆಲುವಿನಲ್ಲಿ ಕಳೆಯಲು ಅವಕಾಶ ಇತ್ತು. 2026ರಿಂದ ಸೋಲಿನ ಶೇ 90 ಮಾತ್ರ. ಲಕ್ಷ ಗೆದ್ದು ಲಕ್ಷ ಸೋತರೂ 10 ಸಾವಿರದ ಮೇಲೆ ತೆರಿಗೆ.

ಹುಬ್ಬಳ್ಳಿಯಿಂದ:

ನಾನು ವೃತ್ತಿಯವನಲ್ಲ ರೀ. ವೃತ್ತಿಯವನು ಅಂದುಕೊಂಡಿದ್ದವನು. ಅದಕ್ಕೇ ಬರೆಯುತ್ತಿದ್ದೇನೆ.

ನಾನೂ ಶುರುವಿನಲ್ಲಿ ಗೆದ್ದೆ. ಆಮೇಲೆ ಸೋತೆ. ಸೋತದ್ದನ್ನು ಡೌನ್‌ಸ್ವಿಂಗ್, ಅಂದರೆ ಬರೀ ಅದೃಷ್ಟದ ಇಳಿತ ಅಂತ ಕರೆದೆ. ಮೇಲೆ ಅಣ್ಣ ಹೇಳಿದ ಆ 1 ಲಕ್ಷ ಹ್ಯಾಂಡ್‌ನ ಲೆಕ್ಕ ನನಗೂ ಗೊತ್ತಿತ್ತು. ಅದನ್ನೇ ಹೇಳಿಕೊಂಡು ಎರಡು ವರ್ಷ ನನಗೆ ನಾನೇ ಸುಳ್ಳು ಹೇಳಿದೆ. ಆಟದ ದಾಖಲೆ ಬರೆದಿಡುವುದನ್ನು ಬಿಟ್ಟೆ. ಲೋನ್ ಆ್ಯಪ್‌ಗಳಿಂದ ತೆಗೆದೆ. ಅವ್ವನ ಎರಡೆಳೆ ಸರ ಅಡವಿಟ್ಟೆ. ಒಟ್ಟು 7 ಲಕ್ಷ. ಅವ್ವ ಹಬ್ಬಕ್ಕೆ ಸರ ಹುಡುಕಿದಾಗ ಬಾಯಿಬಿಟ್ಟೆ.

ಅಕ್ಕನ ಗಂಡ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಆರು ತಿಂಗಳು ಹೋಗಿ ಬಂದೆ. ಅಲ್ಲಿ ಡಾಕ್ಟರ್ ಎಷ್ಟು ಸೋತೆ ಅಂತ ಮೊದಲು ಕೇಳಲಿಲ್ಲ, ಯಾರಿಂದ ಮುಚ್ಚಿಟ್ಟೆ ಅಂತ ಕೇಳಿದರು. ಈಗ ಮೂರು ವರ್ಷ ಆಯಿತು, ಎಲೆ ಮುಟ್ಟಿಲ್ಲ. ಯಾರಿಗಾದರೂ ಕೈ ಮೀರುತ್ತಿದೆ ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೇಳಿದವನು, ಎರಡು ದಿನದ ನಂತರ:

ಎಲ್ಲರಿಗೂ ಕೈಮುಗಿಯುತ್ತೇನೆ. ಎಲ್ಲವನ್ನೂ ಎರಡೆರಡು ಸಲ ಓದಿದೆ. ನಿನ್ನೆ ಅಮ್ಮನಿಗೆ ಹೇಳಿದೆ. ಅಕ್ಕ, ನೀವು ಹೇಳಿದ ಮೇಲೇ ಹೇಳಿದ್ದು. ಬೈಯುತ್ತಾರೆ ಅಂದುಕೊಂಡಿದ್ದೆ, ಸುಮ್ನೆ ಕೂತುಬಿಟ್ಟರು. ರಾತ್ರಿ ಊಟಕ್ಕೆ ಬಡಿಸುವಾಗ 'ಕೆಲಸ ಮಾತ್ರ ಬಿಡಬೇಡ' ಅಂದರು. ಸದ್ಯ ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಆಸೆ ಹೋಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಿಂಗಳಿಗೆ ಒಂದು ಸಲ ಹೋಗುವುದು, 2 ಲಕ್ಷ ಬೇರೆ ಖಾತೆಯಲ್ಲಿ ಇಡುವುದು, ಅದು ಮುಗಿದರೆ ನಿಲ್ಲಿಸುವುದು ಅಂದುಕೊಂಡಿದ್ದೇನೆ. ಸರಿನಾ? ಇನ್ನೊಂದು ಸಂಕಟ. ಗೆದ್ದ ದುಡ್ಡಿನ ಲೆಕ್ಕ ಇದೆ, ಆದರೆ ಎಷ್ಟು ಗಂಟೆ ಆಡಿದೆ, ಯಾವ ಮೇಜು ಅಂತ ಎಲ್ಲೂ ಬರೆದಿಟ್ಟಿಲ್ಲ.

ದಾವಣಗೆರೆಯವನು:

ಸರಿ ಇದೆ ತಮ್ಮ. 2 ಲಕ್ಷ ಮುಗಿದರೆ ನಿಲ್ಲಿಸುತ್ತೇನೆ ಅನ್ನುವುದನ್ನು ಅಮ್ಮನ ಮುಂದೆಯೂ ಹೇಳು. ಗಂಟೆ ಲೆಕ್ಕ ಬಸ್ ಟಿಕೆಟ್, ಹೋಟೆಲ್ ಬಿಲ್ ನೋಡಿ ಆದಷ್ಟು ಕೂಡಿಸು. ಇನ್ನು ಮುಂದೆ ದಿನಾಂಕ, ಮೇಜು, ಕೂತ ಹೊತ್ತು, ಎದ್ದ ಹೊತ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಇಷ್ಟು ಬರೆ. ನಿದ್ದೆಯ ಕಾಲಂ ಮರೆಯಬೇಡ. ನನ್ನ ಹಳೇ ಪುಸ್ತಕದಲ್ಲಿ ಆ 1 ಲಕ್ಷ 60 ಸಾವಿರದ ದಿನದ ಎದುರು ಮೂರು ಗಂಟೆ ಅಂತ ಇದೆ. ಆ ದರ್ಶಿನಿಯಲ್ಲಿ ನಾವು ಈಗಲೂ ಶನಿವಾರ ಬೆಳಿಗ್ಗೆ ಎಂಟಕ್ಕೆ ಸೇರುತ್ತೇವೆ, ಈಗ ಮೂರೇ ಜನ. ವಿಳಾಸ ಕಳಿಸುತ್ತೇನೆ. ನೆನಪಿರುವ ಎರಡು ಮೂರು ಹ್ಯಾಂಡ್ ಬರೆದುಕೊಂಡು ಬಾ, ಗೆದ್ದದ್ದಲ್ಲ, ಸೋತದ್ದು.